ರಾಮಕೋಟಿಯೊಳಗೆ ಕೊತ್ತಂಬರಿ

ಈ ತೆಲುಗು ಊರಿನ ನಮ್ಮ ಕನ್ನಡ ಮಹಿಳಾ ಮಂಡಳಿಯಲ್ಲಿ ಪ್ರತಿ ಬೇಸಿಗೆಗೊಂದು ಸಭೆ. ಅಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಕಳೆದ ವರ್ಷವನ್ನು ಹಿಂದಿರುಗಿ ನೋಡಬೇಕು. ಏನು ಕೆಲಸ ಮಾಡಿದಿರಿ, ಎಲ್ಲಿಗೆ ಪ್ರವಾಸ ಹೋದಿರಿ, ಕಲೆ ಸಾಹಿತ್ಯ ಏನಾದರೂ ನಡೆಯಿತೇ ಎಂದು ಕೇಳುತ್ತಾರೆ. ಒಬ್ಬರು ಯುರೋಪು ನೋಡಿ ಬಂದಿರುತ್ತಾರೆ, ಇನ್ನೊಬ್ಬರು ಗಾಜಿನ ಮೇಲೆ ನವಿಲು ಬಿಡಿಸಿರುತ್ತಾರೆ. ನಾನು ಹಿಂದಿರುಗಿ ನೋಡಿದರೆ ಕಾಣುವುದು ಒಲೆಯ ಮೇಲೆ ಉಕ್ಕುತ್ತಿರುವ ಹಾಲು. ಆದರೆ ಈ ಸಲ ಕೆಲಸ, ಪ್ರವಾಸ, ಬರವಣಿಗೆ ಮೂರೂ ನನ್ನಿಂದ ಆಗಿವೆ. ಮೂರೂ ಒಂದೇ ಪುಸ್ತಕದಲ್ಲಿ ಸೇರಿಕೊಂಡು ನನ್ನ ಮಾನ ಕಳೆದದ್ದನ್ನು ಮಂಡಳಿಯಲ್ಲಿ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಹೋದ ವರ್ಷ ಯುಗಾದಿ ಮುಗಿದ ಸ್ವಲ್ಪ ದಿನಕ್ಕೆ ನಮ್ಮ ಮನೆಯವರು ಹಿಮಾಯತ್‌ನಗರದ ತಿರುವಿನಲ್ಲಿ ಸ್ಕೂಟರ್ ಸಮೇತ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಒಡೆದುಕೊಂಡರು. ಆಪರೇಷನ್ ಆಯಿತು. ನಡೆದಾಡುತ್ತಾರೆ, ಕೋಲಿಲ್ಲದೆ ನಡೆಯುತ್ತಾರೆಂದು ಮಾತ್ರ ಹೇಳಲಾರೆ ಎಂದರು ಡಾಕ್ಟರು. ತಲೆಗೆ ಪೆಟ್ಟಾಗಲಿಲ್ಲ, ಅದು ಒಂದು. ಬಿದ್ದದ್ದು ಔಷಧದ ಅಂಗಡಿಯ ಮುಂದೆಯೇ, ಅದು ಎರಡು. ಹೀಗೆ ದೇವರ ಉಪಕಾರ ಎಣಿಸುತ್ತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಎದುರು ಮನೆಯ ಪದ್ಮಮ್ಮ ಬಂದು, ರಾಮಕೋಟಿ ಬರೆಯಿರಿ ಎಂದರು. ಇಲ್ಲಿನ ತೆಲುಗರಲ್ಲಿ ಅದೊಂದು ಪದ್ಧತಿ. ಪುಸ್ತಕದ ತುಂಬ ಪುಟ್ಟ ಪುಟ್ಟ ಚೌಕದ ಮನೆಗಳು. ಮನೆಗೊಂದರಂತೆ ‘ಶ್ರೀರಾಮ’ ಬರೆದು, ತುಂಬಿದ ಪುಸ್ತಕವನ್ನು ಭದ್ರಾಚಲದ ರಾಮನ ಗುಡಿಯಲ್ಲಿ ಒಪ್ಪಿಸಬೇಕು. ಬರೆಯುವಾಗ ಮಾತಾಡಬಾರದು. ಕೋಟಿ ಬರೆಯುವುದು ನನ್ನ ಮಣಿಕಟ್ಟಿಗೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ‘ಕೋಲಿಲ್ಲದಂಗ ಅವರನ್ನ ನಡಸಪ್ಪಾ, ಬರೂ ವರ್ಷದ ರಾಮನವಮಿಗೆ ಒಂದು ಲಕ್ಷ ಬರದು ತರ್ತೀನಿ’ ಎಂದು ಹರಕೆ ಹೊತ್ತೆ. ರಾಮ ಸುಮ್ಮನಿದ್ದ. ಒಪ್ಪಿದ ಎಂದುಕೊಂಡೆ.

ಅಬಿಡ್ಸ್ ಪೇಟೆಯಿಂದ ಪುಸ್ತಕಗಳನ್ನು ತಂದು ಊಟದ ಮೇಜಿನ ಮೇಲೆ ಶುರು ಮಾಡಿದೆ. ಎದುರಿಗೆ ನಮ್ಮವರು ಗೋಡೆ ಹಿಡಿದು ಹೆಜ್ಜೆ ಹಾಕುವುದು, ಇತ್ತ ನಾನು ಮನೆ ತುಂಬುವುದು. ‘ಕಾಲು ಕೂಡಿಸಿದಾವ ಡಾಕ್ಟರ್, ಹೆಸರು ಮಾತ್ರ ನಿನ್ನ ರಾಮಂದು’ ಎಂದು ಕೆಣಕುತ್ತಿದ್ದರು. ಗುಡಿಗೆ ಹೋದರೂ ಚಪ್ಪಲಿ ಕಾಯುವ ನೆಪದಲ್ಲಿ ಹೊರಗೇ ನಿಲ್ಲುವ ಮನುಷ್ಯ. ನಾನು ಉತ್ತರ ಕೊಡುತ್ತಿರಲಿಲ್ಲ, ನಿಯಮವೆಂದರೆ ನಿಯಮ. ಆದರೆ ರಾಯಚೂರಿನಿಂದ ತಂಗಿ ಫೋನ್ ಮಾಡಿದರೆ ಕೇಳಿಸಿಕೊಳ್ಳಬಾರದು ಎಂದು ಪದ್ಮಮ್ಮ ಹೇಳಿರಲಿಲ್ಲವಲ್ಲ! ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ‘ಹ್ಞೂಂ, ಹ್ಞೂಂ’ ಎನ್ನುತ್ತ ಬರೆದೆ. ಕುಕ್ಕರಿನ ಸೀಟಿ ಎಣಿಸುತ್ತಲೂ ಬರೆದೆ.

ಭದ್ರಾಚಲಕ್ಕೆ ಹೊರಡುವ ಹಿಂದಿನ ದಿನ ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚುತ್ತ ಹಾಳೆ ತಿರುವಿದೆ. ನಾಲ್ಕನೆಯ ಪುಸ್ತಕದ ನಡುವೆ ಕುಂಕುಮದ ಬೆರಳು ನಿಂತಿತು. ಶ್ರೀರಾಮ, ಶ್ರೀರಾಮ, ಕೊತ್ತಂಬರಿ, ಶ್ರೀರಾಮ, ಗ್ಯಾಸ್ ಹೇಳಬೇಕು, ಶ್ರೀರಾಮ, ಬ್ಲೌಸಿಗೆ ಅಸ್ತರ್. ನನ್ನ ಇಡೀ ವರ್ಷದ ಸಂಸಾರ ರಾಮನ ಮನೆಗಳಲ್ಲಿ ಬಿಡಾರ ಹೂಡಿತ್ತು. ಎಣಿಸಿದೆ. ನಲವತ್ತೇಳು ಮನೆ.

ನಮ್ಮವರು ಕನ್ನಡಕ ಏರಿಸಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇದು ರಾಮಕೋಟಿ ಅಲ್ಲಲೇ, ನಮ್ಮ ಮನಿ ರೋಜನಾಮೆ!’

‘ನಗಬ್ಯಾಡ್ರಿ. ಹರಕಿ ಮುರದ್ರ ನಿಮ್ಮ ಕಾಲಿಗೇ ಬರ್ತೈತಿ.’

ನಗು ಅರ್ಧಕ್ಕೇ ನಿಂತಿತು. ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು. ‘ಬಿಳಿ ಬಣ್ಣ ಹಚ್ಚಿ ಮ್ಯಾಲ ಶ್ರೀರಾಮ ಅಂತ ಬರದ್ರಾತು ತಗೋ.’

‘ಒಳಗಿಂದು ರಾಮಗ ಕಾಣಂಗಿಲ್ಲೇನ್ರಿ?’

ಬಣ್ಣ ಹಚ್ಚದಿರಲು ಇನ್ನೊಂದು ಕಾರಣವಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಆ ನಲವತ್ತೇಳರಲ್ಲಿ ಒಂದು ಕಡೆ, ಎರಡು ಮನೆಗೆ ಚಾಚಿಕೊಂಡು, ‘ಗೋಡಿ ಬಿಟ್ಟರು, ಹತ್ತು ಹೆಜ್ಜಿ’ ಎಂದಿತ್ತು. ಅದನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಬಸ್ಸಿನಲ್ಲಿ ನಮ್ಮವರ ಪಕ್ಕ ಕೂತು ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇಟ್ಟುಕೊಂಡೆ. ಆ ನಾಲ್ಕನೆಯದನ್ನು ಎಲ್ಲದರ ಅಡಿಗೆ ತಳ್ಳಿದ್ದೆ. ಅಲ್ಲಿಯವರು ತೆಲುಗರು, ನಾನು ಬರೆದದ್ದು ಕನ್ನಡ, ಯಾರು ಓದುತ್ತಾರೆ ಎಂಬ ಧೈರ್ಯ ಬೇರೆ. ಇಪ್ಪತ್ತು ವರ್ಷದಿಂದ ನಾವಿರುವ ಊರಿನ ತೆಲುಗು ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುವ ನನಗೆ, ಅವರಿಗೂ ನಮ್ಮ ಅಕ್ಷರ ಹಾಗೆಯೇ ಓದಬರುತ್ತದೆಂದು ಹೊಳೆಯಬಾರದೇ?

ಗುಡಿಯಲ್ಲಿ ಪುಸ್ತಕ ತೆಗೆದುಕೊಳ್ಳಲು ಕೂತಿದ್ದ ಹಿರಿಯರು ಕಣ್ಣಿಗೊತ್ತಿಕೊಂಡು ಕಟ್ಟು ಮಗುಚಿ ಇಟ್ಟರು. ಅಡಿಯಲ್ಲಿದ್ದದ್ದು ಮೇಲೆ ಬಂತು. ಹಾಳೆ ತಿರುವಿ ಬೆರಳಿಟ್ಟು ಓದಿದರು: ‘ಕೊ-ತ್ತಂ-ಬ-ರಿ. ಅಂಟೇ ಕೊತ್ತಿಮೀರಾ, ಅಮ್ಮಾ?’ ಸೊಪ್ಪಿನ ತೆಲುಗು ಹೆಸರೂ ಹೊರಬಿತ್ತು.

ಹಿಂದಿನ ಸಾಲಿನವರು ಕಿಸಕ್ಕೆಂದರು. ನನಗೆ ಅಳು ಬಂತು. ಬರುವಷ್ಟು ತೆಲುಗಿನಲ್ಲಿ ಹರಕೆಯನ್ನೂ ಹೇಳಿದೆ, ತಪ್ಪನ್ನೂ ಹೇಳಿದೆ. ಅವರು ಕೇಳುತ್ತಲೇ ಇನ್ನೊಂದು ಹಾಳೆಯಲ್ಲಿ ನಿಂತು, ‘ಗೋಡಿ’ ಎಂದರೆ ಗೋಡೆ, ಅದು ತಿಳಿಯಿತು, ಮುಂದಿನದು ಏನಮ್ಮ ಎಂದರು. ನಾನು ಮೆಟ್ಟಿಲ ಕಡೆ ಕೈ ತೋರಿಸಿದೆ. ನಮ್ಮವರು ಬರಿಗೈಯಲ್ಲಿ, ಕೋಲಿಲ್ಲದೆ, ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಮೆಟ್ಟಿಲಿಗೊಮ್ಮೆ, ‘ರಾಮಾ, ಇನ್ನ ಎಷ್ಟು ಅದಾವೋ ಯಪ್ಪಾ!’

ಹಿರಿಯರು ನಕ್ಕು ಪುಸ್ತಕ ಮುಚ್ಚಿ ಒಳಗಿಟ್ಟುಕೊಂಡರು. ಉಳಿದ ನಲವತ್ತೇಳನ್ನು ಮನೆಗೆ ಹೋಗಿ ಯಾವ ಕಾಗದದ ಮೇಲಾದರೂ ಬರೆಯಿರಿ, ರಾಮ ಕಾಗದ ನೋಡುವವನಲ್ಲ ಎಂದರು. ನಮ್ಮವರಿಗೆ ಒಂದು ಹಿಡಿ ಪ್ರಸಾದ ಹೆಚ್ಚು ಸಿಕ್ಕಿತು.

ಊರಿಗೆ ಬಂದ ಮೇಲೆ ಬುದ್ಧಿ ಕಲಿತೆ. ಸಾಮಾನಿನ ಚೀಟಿಗೆಂದೇ ಬೇರೆ ಪ್ಯಾಡ್ ತಂದು ಅಡುಗೆಮನೆಯಲ್ಲಿ ತೂಗುಹಾಕಿದೆ. ದೇವರದು ದೇವರಿಗೆ, ಬದನೆಕಾಯಿ ಬದನೆಕಾಯಿಗೆ. ನಿನ್ನೆ ನಮ್ಮವರು ಚೀಟಿ ಹರಿದುಕೊಂಡು ತರಕಾರಿಗೆ ನಡೆದೇ ಹೋದರು. ಕಾಲು ಗಂಟೆಗೆ ಫೋನ್ ಬಂತು.

‘ಏನಲೇ ಇದು? ಹನ್ನೊಂದು ಸಲ ಶ್ರೀರಾಮ ಅಂತ ಬರದೀ. ಬೆಂಡಿಕಾಯಿ ಎಷ್ಟು ತರ್ಲಿ ಅಂತ ಬರದೇ ಇಲ್ಲ!’

ತಂಗಿಯ ಫೋನು ಬಂದಾಗ ಬರೆದ ಚೀಟಿ ಅದು.

‘ಬೆಂಡಿಕಾಯಿ ಅರ್ಧ ಕಿಲೋ ಸಾಕು’ ಎಂದೆ. ‘ಆದ್ರ ಆ ಚೀಟಿ ಅಂಗಡ್ಯಾಗ ಬಿಟ್ಟು ಬರಬ್ಯಾಡ್ರಿ ಮತ್ತ, ಜ್ವಾಕಿ. ಹನ್ನೊಂದು ಮುಗದ್ವು, ಇನ್ನ ಮೂವತ್ತಾರು ಉಳದಾವು.’