ಕೊಡೆಯಣ್ಣ ಸ್ಮಾರಕವಾದದ್ದು

ಊರಿನಲ್ಲಿ ಚಾರಿತ್ರಿಕ ಸ್ಥಳಗಳು ಮೂರು ಇವೆ ಎಂದು ಗ್ರಾಮ ಕಚೇರಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದೆ. ಆದ್ದರಿಂದ ಅದು ಸತ್ಯ. ಒಂದು ಕಲ್ಲಿನ ಸೇತುವೆ, ಅದರ ಕೆಳಗೆ ಹೊಳೆ ಇಲ್ಲ. ಇನ್ನೊಂದು ಮೆಟ್ಟಿಲಬಾವಿ, ಅದರಲ್ಲಿ ನೀರಿಲ್ಲ. ಮತ್ತೊಂದು ಹೆಬ್ಬಾಗಿಲು, ಅದಕ್ಕೆ ಬಾಗಿಲೂ ಇಲ್ಲ, ಆಚೀಚೆ ಕೋಟೆಗೋಡೆಯೂ ಇಲ್ಲ. ಗೋಡೆಯ ಕಲ್ಲೆಲ್ಲ ಯಾರ ಮನೆಯ ಪಾಯಕ್ಕೆ ಹೋಯಿತು ಎಂದು ಕೇಳಬಾರದು. ಅಧ್ಯಕ್ಷರ ಮನೆ ಮೂರಂತಸ್ತು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುವುದು ಮರ್ಯಾದೆ.

ಆ ಹೆಬ್ಬಾಗಿಲಿನ ಕಮಾನಿನ ಕೆಳಗೆ ಕೊಡೆಯಣ್ಣ ಕೂರುತ್ತಿದ್ದ. ಮುರಿದ ಕಡ್ಡಿ ಬಿಗಿಯುವುದು, ಹರಿದ ಬಟ್ಟೆಗೆ ತೇಪೆ ಹಾಕುವುದು, ಹಟ ಹಿಡಿದ ಕೊಡೆಯನ್ನು ಬೈದು ಬಿಚ್ಚಿಸುವುದು ಅವನ ಕಸುಬು. ರಿಪೇರಿಯಾದವನ್ನು ಬಿಚ್ಚಿದಂತೆಯೇ ತಲೆಯ ಮೇಲೆ ಹಗ್ಗಕ್ಕೆ ನೇತುಹಾಕುತ್ತಿದ್ದ. ಅವನಪ್ಪ ಕೂತಿದ್ದೂ ಅದೇ ಕಲ್ಲಿನ ಮೇಲೆ. ಬೇರೆ ಕಡೆ ಕೂತರೆ ಗಿರಾಕಿ ಬರುವುದಿರಲಿ, ತನಗೇ ತಾನು ಸಿಗಲಿಕ್ಕಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಹೀಗಿರಲು ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಚರಿತ್ರೆಯ ಮೇಲೆ ಪ್ರೀತಿ ಹುಟ್ಟಿತು. ಹುಟ್ಟಿದ್ದು, ಅವರ ಬಾಮೈದ ತಂಪು ಪಾನೀಯದ ಅಂಗಡಿಗೆ ನೆರಳಿರುವ ಜಾಗ ಬೇಕು ಎಂದು ಅಕ್ಕನ ಹತ್ತಿರ ಮುಖ ಸಣ್ಣ ಮಾಡಿದ ಮಾರನೆಯ ದಿನ. ಕಮಾನಿಗೆ ನೋಟೀಸು ಅಂಟಿತು: "ಚಾರಿತ್ರಿಕ ಹೆಬ್ಬಾಗಿಲಿನ ಘನತೆಗೆ ಕೊಡೆಗಳಿಂದ ಧಕ್ಕೆ ಉಂಟಾಗಿರುವ ಕಾರಣ, ಸದರಿ ಕೊಡೆಗಳೂ ಅವುಗಳ ಕೆಳಗಿರುವ ವ್ಯಕ್ತಿಯೂ ತಿಂಗಳ ಕೊನೆಯೊಳಗೆ ತೆರವಾಗತಕ್ಕದ್ದು."

ಕೊಡೆಯಣ್ಣನಿಗೆ ಅನ್ನ ಸೇರದಾಯಿತು. "ಅಧ್ಯಕ್ಷರ ಕಾಲು ಹಿಡೀಲಾ?" ಎಂದು ಹೆಂಡತಿಯನ್ನು ಕೇಳಿದ.

"ಹಿಡೀರಿ. ಅವರ ಕೈಗೆ ಏನಾದ್ರೂ ಸಿಗೋ ಹಾಗಿದ್ರೆ ಕಾಲೂ ಕೊಡ್ತಾರೆ," ಎಂದಳು ಆಕೆ.

ಆ ವಾರದಿಂದಲೇ ಊರಿಗೆ ಪರಸ್ಥಳದವರು ಬರತೊಡಗಿದರು. ಬೆನ್ನಿಗೆ ಚೀಲ, ತಲೆಗೆ ಟೋಪಿ, ಕೈಯಲ್ಲಿ ಮೊಬೈಲು. ಸೇತುವೆಯ ಮೇಲೆ ಬಗ್ಗಿ ಕಲ್ಲೆಣಿಸಿದರು, ಬಾವಿಗಿಳಿದು ಧೂಳು ಮೆತ್ತಿಕೊಂಡು ಹತ್ತಿದರು, ಕೊನೆಗೆ ಹೆಬ್ಬಾಗಿಲಿಗೆ ಬಂದು ಕೊಡೆಯಣ್ಣನನ್ನು ದಿಟ್ಟಿಸಿದರು. ಇದೊಂದು ಆಟ, ಜಿಯೋಕ್ಯಾಶಿಂಗ್ ಅಂತ ಹೆಸರು. ಯಾರೋ ಪುಣ್ಯಾತ್ಮರು ಡಬ್ಬಿ ಬಚ್ಚಿಡುತ್ತಾರೆ. ಜಾಗವನ್ನು ಉಪಗ್ರಹ ಮೊಬೈಲಿಗೆ ಹೇಳುತ್ತದೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಒಂದು ಗೋಲಿ ತೆಗೆದು ಒಂದು ಗುಂಡಿ ಹಾಕಿ, ಮತ್ತೆ ಅಲ್ಲೇ ಬಚ್ಚಿಡುತ್ತಾರೆ. ಹೊಟ್ಟೆ ತುಂಬಿದವರ ಆಟ, ಯಾರಿಗೂ ತೊಂದರೆಯಿಲ್ಲ. ಈ ಊರಿನ ಡಬ್ಬಿಗೆ ಮೊಬೈಲು ಕೊಟ್ಟ ಸುಳಿವು ಹೀಗಿತ್ತು: "ಮಳೆ ಇಲ್ಲದಾಗಲೂ ಕೊಡೆ ಬಿಚ್ಚಿರುವಲ್ಲಿ, ಕೂತಿರುವಾತನ ಬೆನ್ನ ಹಿಂದಿನ ಸಂದಿಗೆ ಕೈ ಹಾಕಿ."

ಜನ ಕೈ ಹಾಕಿದರು. ಪ್ಯಾಂಟು ತೊಟ್ಟ ಹೆಂಗಸೊಬ್ಬಳು ಕೈ ಹಾಕುವ ಹೊತ್ತಿಗೆ ಸರಿಯಾಗಿ ಹೆಂಡತಿ ಬುತ್ತಿ ಹಿಡಿದು ಬಂದಳು. ಎದುರು ಸಾಲಿನ ಮನೆಗಳ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು.

"ರೀ! ಏನಿದು ಬೆನ್ನ ಹಿಂದೆ?"

"ಬೆನ್ನ ಹಿಂದಿಂದು ನನಗೆ ಹೇಗೆ ಕಾಣುತ್ತೆ ಮಾರಾಯ್ತಿ!"

"ಸಿಕ್ತು!" ಎಂದು ಪ್ಯಾಂಟಿನ ಹೆಂಗಸು ಕುಣಿದಳು. ಕಿಟಕಿಗಳು ಒಂದು ವಾರ ಮುಚ್ಚಲಿಲ್ಲ.

ಸುದ್ದಿ ಗ್ರಾಮ ಕಾರ್ಯದರ್ಶಿಯ ಕಿವಿಗೂ ಬಿತ್ತು. ಸೊತ್ತೊಂದು ಬೀಗವಿಲ್ಲದೆ ಬಯಲಲ್ಲಿ ಬಿದ್ದಿದೆ ಎಂದು ಅವರು ಕಳವಳಗೊಂಡರು. ಡಬ್ಬಿಯನ್ನು ತಂದು, ಅರಗಿನ ಮೊಹರು ಒತ್ತಿ, ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಬಂದವರು ಹುಡುಕಿ ಹುಡುಕಿ ಬೇಸತ್ತು ಕಚೇರಿಗೆ ನುಗ್ಗಿದರು.

"ಬಚ್ಚಿಟ್ಟದ್ದು ಎಲ್ಲಿ ಸಾರ್?"

"ಭದ್ರವಾಗಿದೆ."

"ನಾವು ಹುಡುಕಬೇಕಲ್ಲ?"

"ಧಾರಾಳವಾಗಿ ಹುಡುಕಿ. ನಿಮ್ಮನ್ನ ತಡೆದವರು ಯಾರು?"

ಗೊಂದಲ ಬೇಡವೆಂದು ಫಲಕ ನಿಲ್ಲಿಸಿದರು: "ಬಚ್ಚಿಟ್ಟ ಡಬ್ಬಿಯು ಕಚೇರಿಯ ಬೀರುವಿನಲ್ಲಿದೆ. ಆದಾಗ್ಯೂ ಹುಡುಕಾಟ ಕಡ್ಡಾಯ. ಹೆಬ್ಬಾಗಿಲಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಸ್ಥಳದಲ್ಲಿ ಕೂತಿರುವ ವ್ಯಕ್ತಿಯಿಂದ ದೃಢೀಕರಣ ಪಡೆದವರಿಗೆ ಮಾತ್ರ ಡಬ್ಬಿಯನ್ನು ಕಿಟಕಿಯಿಂದ ತೋರಿಸಲಾಗುವುದು. ಅಲ್ಲಿಯೇ ಸಿಕ್ಕಿತೆನ್ನುವವರಿಗೆ ದಂಡ."

ಜನ ಇಮ್ಮಡಿಯಾದರು. ಸಿಕ್ಕಿದವರಿಗೆ ಎಲ್ಲ ಊರಲ್ಲೂ ಹೆಸರಿದೆ, ಸಿಗದವರಿಗೆ ದೃಢೀಕರಣ ಕೊಡುವ ಊರು ಬೇರೆಲ್ಲಿದೆ? ಕೊಡೆಯಣ್ಣ ದಿನವಿಡೀ ಬೆನ್ನು ಬಗ್ಗಿಸಿ ದಾರಿ ಬಿಟ್ಟು, "ಸಿಗಲಿಲ್ಲ, ನಾನೇ ನೋಡಿದ್ದೇನೆ" ಎಂದು ಅವರವರ ಚೀಟಿಗೆ ಹೆಬ್ಬೆಟ್ಟು ಒತ್ತಿದ. ನೋಟೀಸು ಮಾತ್ರ ಕಮಾನಿನ ಮೇಲೆ ಹಾಗೇ ಇತ್ತು. ತಿಂಗಳ ಕೊನೆ ಬಂತು. ಬಾಮೈದ ಬಾಟಲಿಗಳ ಪೆಟ್ಟಿಗೆ ಇಳಿಸಿದ. ಕೊಡೆಯಣ್ಣ ಹಗ್ಗ ಬಿಚ್ಚಲು ಎದ್ದ. ಗಂಟಿಗೆ ಕೈ ಹಾಕಿದ.

ಆ ಹೊತ್ತಿಗೆ ಜೀಪು ನಿಂತು, ಪುರಾತನ ವಸ್ತುಗಳ ಇಲಾಖೆಯ ಮೇಲಧಿಕಾರಿ ಅಳತೆಪಟ್ಟಿಯೊಂದಿಗೆ ಇಳಿದರು. ಇಷ್ಟು ಜನ ಬಂದು ಇಷ್ಟು ಚೆನ್ನಾಗಿ ಏನೂ ಸಿಗದೆ ಹೋಗುವ ಸ್ಥಳವನ್ನು ಅವರೂ ನೋಡಬೇಕಿತ್ತು. ಸುಳಿವನ್ನು ಎರಡು ಸಲ ಓದಿಸಿಕೊಂಡು ಕೊಡೆಯಣ್ಣನ ಕಡೆ ಬೆರಳು ಮಾಡಿದರು.

"ಇದು ಎಷ್ಟು ವರ್ಷದ್ದು?"

"ಅರವತ್ತು ಸಾರ್," ಎಂದರು ಓಡಿ ಬಂದ ಕಾರ್ಯದರ್ಶಿ.

"ಅರವತ್ಮೂರು. ಮದುವೇಲೇ ಮೂರು ವರ್ಷ ಮುಚ್ಚಿಟ್ಟಿದ್ರು," ಎಂದಳು ಬುತ್ತಿ ತಂದಿದ್ದ ಹೆಂಡತಿ.

"ಬಿರುಕು?"

"ಮಂಡೀಲಿದೆ ಸಾರ್," ಎಂದ ಕೊಡೆಯಣ್ಣ.

"ಮೂಲಸ್ಥಾನ ಬಿಟ್ಟು ಕದಲಿದ್ದುಂಟಾ?"

"ಈಗ ಕದಲಿಸ್ತಾ ಇದ್ದಾರೆ."

ಮೇಲಧಿಕಾರಿ ಅಳತೆಪಟ್ಟಿಯನ್ನು ಅವನ ತಲೆಯಿಂದ ಕಲ್ಲಿನವರೆಗೆ ಹಿಡಿದರು. ಅಲ್ಲೇ ಆದೇಶವಾಯಿತು: "ಸುಳಿವಿನಲ್ಲಿ ನಮೂದಾಗಿರುವ ವ್ಯಕ್ತಿಯು ಚಾರಿತ್ರಿಕ ಸ್ಥಳದ ಅವಿಭಾಜ್ಯ ಅಂಗವಾಗಿರುವುದರಿಂದ ಆತನನ್ನು ಮೂರನೇ ದರ್ಜೆಯ ಸ್ಮಾರಕವೆಂದು ಘೋಷಿಸಲಾಗಿದೆ. ಕಚೇರಿ ವೇಳೆಯಲ್ಲಿ ಸದರಿ ಸ್ಮಾರಕವನ್ನು ಕದಲಿಸುವುದು, ಅದಕ್ಕೆ ಬಣ್ಣ ಹಚ್ಚುವುದು, ಅದರ ಮೇಲೆ ಹೆಸರು ಕೆತ್ತುವುದು, ಇಲಾಖೆಯ ಅನುಮತಿ ಇಲ್ಲದೆ ರಿಪೇರಿ ಮಾಡುವುದು ನಿಷಿದ್ಧ."

ಕೊಡೆಯಣ್ಣ ಹಗ್ಗ ಬಿಟ್ಟು ಕಲ್ಲಿನ ಮೇಲೆ ಮತ್ತೆ ಕೂತ. ಕಣ್ಣಲ್ಲಿ ನೀರು ಬಂತು. ಸ್ಮಾರಕದಲ್ಲಿ ತೇವಾಂಶ ಕಂಡುಬಂದಿದೆ ಎಂದು ಮೇಲಧಿಕಾರಿ ಬರೆದುಕೊಂಡರು.

"ನಮ್ಮ ಯಜಮಾನ್ರು ಹಳಬರಾದ್ರು ಅಂತ ನಾನು ಯಾವತ್ತಿಂದ ಬಡ್ಕೋತಿದ್ದೆ," ಎಂದು ಹೆಂಡತಿ ಎದುರು ಸಾಲಿನ ಕಿಟಕಿಗಳಿಗೆ ಕೇಳುವಂತೆ ಹೇಳಿದಳು. "ಸರ್ಕಾರಕ್ಕೆ ಈಗ ಗೊತ್ತಾಯ್ತು ನೋಡಿ."

ಬಾಮೈದನಿಗೂ ಅನ್ಯಾಯವಾಗಲಿಲ್ಲ. ಅಧ್ಯಕ್ಷರು ಅವನನ್ನು ಸಂಬಳದ ಮೇಲೆ ಅಧಿಕೃತ ಅಡಗಿಸುವವನನ್ನಾಗಿ ನೇಮಿಸಿದರು. ಡಬ್ಬಿ ಬೀರುವಿನಲ್ಲಿರುವುದರಿಂದ ಅಡಗಿಸಲು ಏನೂ ಇಲ್ಲ. ಅಂದಿನಿಂದ ಅವನನ್ನು ಕೆಲಸದಲ್ಲಿ ಕಂಡವರಿಲ್ಲ. ಕಸುಬು ಬಲ್ಲ ಮನುಷ್ಯ ಎಂದು ಕಚೇರಿಯಲ್ಲಿ ಮೆಚ್ಚುಗೆಯಿದೆ.

ಕೊಡೆಯಣ್ಣನ ತಲೆಗೂದಲಿಗೆ ಈಗ ಬಣ್ಣವಿಲ್ಲ. ಅಲ್ಲಾಡುತ್ತಿದ್ದ ಹಲ್ಲು ಕೀಳಿಸಲು ಬರೆಸಿದ ಅರ್ಜಿ ಪರಿಶೀಲನೆಯಲ್ಲಿದ್ದಾಗಲೇ ಹಲ್ಲು ತಾನಾಗಿ ಬಿತ್ತು. ಕಾರ್ಯದರ್ಶಿ ಅದನ್ನು ಬಿಡಿ ಅವಶೇಷವೆಂದು ದಾಖಲಿಸಿ, ಡಬ್ಬಿಯ ಪಕ್ಕದಲ್ಲಿಟ್ಟು ಮೊಹರು ಒತ್ತಿದ್ದಾರೆ. ಕಿಟಕಿಯಿಂದ ಎರಡನ್ನೂ ತೋರಿಸಲಾಗುತ್ತದೆ. ಗೋಡೆಯ ಮೇಲೆ ಮೂರನ್ನು ಅಳಿಸಿ ನಾಲ್ಕು ಎಂದು ಬರೆಸಿದೆ.

ಸಂಜೆ ಕಚೇರಿಯ ಬೀಗ ಬಿದ್ದ ಮೇಲೆ ಸ್ಮಾರಕವು ಎದ್ದು, ಮಂಡಿ ನೀವಿಕೊಂಡು, ಮನೆಗೆ ನಡೆಯುತ್ತದೆ. ಮೊನ್ನೆ ಹೆಂಡತಿ ನೀರು ತರಲು ಹೇಳಿದಾಗ ಕೊಡೆಯಣ್ಣ ಗಂಭೀರವಾಗಿ, "ನನ್ನನ್ನ ಕದಲಿಸೋ ಹಾಗಿಲ್ಲ ಕಣೇ, ಆದೇಶ ಇದೆ," ಎಂದ.

"ಆದೇಶ ಕಚೇರಿ ವೇಳೆಗೆ," ಎಂದಳು ಆಕೆ. "ಬೀಗ ಬಿತ್ತು. ಈಗ ನೀವು ಬರೀ ಗಂಡ. ಬಕೆಟ್ ಎತ್ತಿ."

ನಿಯಮ ಆಕೆಯ ಕಡೆಗಿತ್ತು. ಕೊಡೆಯಣ್ಣ ಬಕೆಟ್ ಎತ್ತಿದ.