ತುಂಬೆ ಹೂವಿಗೆ ಇಬ್ಬರು ಗಿರಾಕಿಗಳು

ಗಿರಾಕಿಯ ಮುಖ ನೋಡಿದ ಕೂಡಲೇ ಯಾವ ಸೀರೆ ಹಿಡಿಸುತ್ತದೆಂದು ಹೇಳಬಲ್ಲೆ ಎಂಬ ಸೊಕ್ಕು ನನಗೆ ಇವತ್ತಿಗೂ ಇದೆ. ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಅಷ್ಟಾದರೂ ಬೇಡವೇ? ಆದರೆ ಜೇನುಹುಳದ ಮುಖವೇ ನನಗೆ ಸರಿಯಾಗಿ ಕಾಣುವುದಿಲ್ಲ, ಇನ್ನು ಅದರ ರುಚಿ ತಿಳಿಯುವ ಮಾತೆಲ್ಲಿ!

ನಲ್ಲೂರಿನ ನನ್ನ ಭಾಮೈದ ಒಂದು ಜೇನುಪೆಟ್ಟಿಗೆ ತಂದು ನಮ್ಮ ಹಿತ್ತಲಲ್ಲಿ ಇಟ್ಟ. "ಹತ್ರದಾಗೆ ಹೂವು ಇರ್ಬೇಕು ನೋಡ್ರಿ ಭಾವ, ಇಲ್ಲಾಂದ್ರೆ ಪೆಟ್ಟಿಗೆ ಬಿಟ್ಟು ಎದ್ದು ಹೋಗ್ತಾವೆ" ಎಂದ. ಹೂವಿಗೇನು ಬರ ಎಂದು ನಾನು ಹೊನ್ನಾಳಿಯಿಂದ ಅಂಗೈಯಗಲದ ಗುಲಾಬಿ, ಸುತ್ತುದಳದ ದಾಸವಾಳ, ಕಾಗದದ ಹೂವು ಎಲ್ಲದರ ಗಿಡಗಳನ್ನೂ ಆಟೋ ತುಂಬ ತಂದು ನೆಟ್ಟೆ. ಹುಳಗಳು ಅವುಗಳ ಮೇಲಿಂದ ಹಾರಿಕೊಂಡು ಹೋಗಿ ಕೂತದ್ದು ಬಚ್ಚಲ ನೀರಿಗೆ ತಾನಾಗಿ ಎದ್ದ ತುಂಬೆಯ ಮೇಲೆ! ರೇಷ್ಮೆಯನ್ನೆಲ್ಲ ಬಿಡಿಸಿ ತೋರಿಸಿದ ಮೇಲೆ ಗಿರಾಕಿ ಟವೆಲ್ ಕೇಳಿದಷ್ಟು ಹೊಟ್ಟೆ ಉರಿಯಿತು. ಭಾಮೈದನಿಗೆ ಫೋನು ಮಾಡಿದರೆ, "ಅಷ್ಟೊಂದು ದಳದ ಹೂವಿನಾಗೆ ಏನೈತ್ರಿ ಅವಕ್ಕೆ? ತುಂಬೆ, ನುಗ್ಗೆ ಅಂದ್ರೆ ನೋಡ್ರಿ, ಮುಗಿಬೀಳ್ತಾವೆ" ಎಂದು ನಕ್ಕ.

ತುಂಬೆಯಾದರೂ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ, ಜಗಳೂರಿಗೆ ತಂಗಿಯ ಮನೆಗೆ ಹೋಗಿದ್ದ ನಮ್ಮವ್ವ ವಾಪಸು ಬಂದಳು. ಅವಳ ಲಿಂಗಪೂಜೆಗೆ ತುಂಬೆಯೇ ಆಗಬೇಕು. ಬೆಳಕು ಹರಿಯುತ್ತಲೇ ಬಟ್ಟಲು ಹಿಡಿದು ಹೋಗಿ ಒಂದೂ ಬಿಡದೆ ಕಿತ್ತು ತರುತ್ತಿದ್ದಳು. ಹುಳಗಳು ಬರುವ ಹೊತ್ತಿಗೆ ಬರೀ ಗಿಡ. ಪೆಟ್ಟಿಗೆಯ ಬಾಗಿಲಲ್ಲಿ ಓಡಾಟ ಕಮ್ಮಿಯಾಗುತ್ತ ಬಂತು. ಎಲ್ಲಿ ಎದ್ದು ಹೋದಾವೋ ಎಂದು ನನಗೆ ಅಂಗಡಿಯಲ್ಲಿ ಕೂತರೂ ಅದೇ ಚಿಂತೆ.

"ಅವ್ವಾ, ತುಂಬೆ ಹುಳಕ್ಕೆ ಬಿಡು. ಶಿವನಿಗೆ ಗುಲಾಬಿ ಏರಿಸು" ಎಂದೆ.

"ನಿನ್ನ ಹುಳಕ್ಕೇ ಗುಲಾಬಿ ಕೊಡು."

"ಅವು ಮೂಸಿ ಸಹ ನೋಡಲ್ಲ."

"ಹುಳ ಮೂಸದ್ದನ್ನ ಶಿವನಿಗೆ ಏರಿಸು ಅಂತೀಯಲ್ಲೋ, ಬುದ್ಧಿ ಐತಾ ನಿಂಗೆ?"

ಆದರೆ ಅವತ್ತು ಅವ್ವ ಬಿಸಿಲೇರಿದ ಮೇಲೂ ಹಿತ್ತಲಲ್ಲೇ ನಿಂತು, ಬರಿದಾದ ಗಿಡವನ್ನು ಸುತ್ತಿ ಸುತ್ತಿ ಹುಡುಕುವ ಹುಳಗಳನ್ನು ನೋಡಿದಳು. "ಅಯ್ಯೋ, ಹಸ್ಕೊಂಡವೆ ಕಣೋ" ಎಂದಳು. ಮರುದಿನದಿಂದ ಪೂಜೆಗೆ ಒಂದೇ ಚಿಟಿಕೆ ತುಂಬೆ. ಪೆಟ್ಟಿಗೆಯಲ್ಲಿ ಮತ್ತೆ ಗುಂಯ್‌ಗುಟ್ಟುವ ಸದ್ದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೊನ್ನೆ ಭಾಮೈದ ಬಂದು ಪೆಟ್ಟಿಗೆಯಿಂದ ಒಂದು ಬಾಟಲಿ ಜೇನು ಇಳಿಸಿಕೊಟ್ಟ. ನಾನು ಚಪಾತಿ ಹಾಕಿಸಿಕೊಂಡು ತಟ್ಟೆಯ ಮುಂದೆ ಕೂತೆ. ಬಾಟಲಿ ನೆಟ್ಟಗೆ ದೇವರ ಕೋಣೆಗೆ ಹೋಯಿತು.

"ಅವ್ವಾ, ಒಂದು ಚಮಚ..."

"ತುಂಬೆ ಶಿವನ ಪಾಲಿಂದು, ಜೇನೂ ಅವನದೇ. ಗುಲಾಬಿ ಜೇನು ಬರ್ಲಿ, ಅದನ್ನ ನೀನೇ ತಿನ್ನುವಂತೆ!"

ನಾನು ಒಣ ಚಪಾತಿ ತಿಂದು, ಚೊಂಬು ಹಿಡಿದು ಗುಲಾಬಿಗೆ ನೀರು ಹಾಕಲು ಹೋದೆ.