ಅರಗಿನ ಮುದ್ರೆ ಬಿದ್ದ ರೇಡಿಯೊ

ನನ್ನ ಸೋದರಮಾವ ಆಕಾಶವನ್ನು ನಂಬುತ್ತಿರಲಿಲ್ಲ. ನಾಸ್ತಿಕರೆಂದು ತಿಳಿಯಬೇಡಿ, ದೇವರ ಮೇಲೆ ಅವರ ದೂರೇನೂ ಇರಲಿಲ್ಲ. ದೂರು ಇದ್ದದ್ದು ರೇಡಿಯೊದ ಶಾರ್ಟ್ ವೇವ್ ಮೇಲೆ!

ಮಾವ ಬಬಲೇಶ್ವರದ ಪೋಸ್ಟ್ ಮಾಸ್ತರರು. ಒಬ್ಬಳೇ ಮಗಳು ಮದುವೆಯಾಗಿ ನಾಗಪುರದಾಚೆ ಹೋದ ಮೇಲೆ ಮನೆ ಬಣಗುಟ್ಟಿತು. ಅತ್ತೆ ಒಲೆಯ ಮೇಲಿನ ಬೋಗುಣಿಯೊಡನೆ ಮಾತಾಡತೊಡಗಿದರು. ಮನೆಯಲ್ಲೊಂದು ದನಿ ಬೇಕೆಂದು ಮಾವ ನನ್ನನ್ನು ಕಟ್ಟಿಕೊಂಡು ವಿಜಾಪುರದ ಗಾಂಧಿ ಚೌಕಕ್ಕೆ ರೇಡಿಯೊ ಕೊಳ್ಳಲು ಹೊರಟರು.

“ಮೀಡಿಯಂ, ಶಾರ್ಟ್ ಎರಡೂ ಅದಾವ್ರಿ. ಮೀಡಿಯಂದಾಗ ಧಾರವಾಡ ಹತ್ತತದ, ಶಾರ್ಟ್‌ನಾಗ ಸಿಲೋನ್ ಹತ್ತತದ!” ಎಂದ ಅಂಗಡಿಯವ.

“ಧಾರವಾಡ ಸಾಕು. ಆ ಶಾರ್ಟ್ ಬಿಚ್ಚಿ ನೀವ ಇಟ್ಕೋರಿ.”

“ಯಪ್ಪಾ! ಅದೇನ್ ಅಂಗಿ ತೋಳೇನ್ರಿ, ಬಿಚ್ಚಿ ಇಡಾಕ?”

ಮಾವ ದಾರಿಯುದ್ದಕ್ಕೂ ನನಗೆ ಉಪದೇಶಿಸಿದರು: “ಮೀಡಿಯಂ ವೇವ್ ನೆಲ ಹಿಡದು ಬರ್ತದ. ಬಾಗಲಕೋಟಿ ದಾಟಿ, ಕೃಷ್ಣಾ ದಾಟಿ, ನಮ್ಮ ಟಪಾಲಿನಂಗ! ಶಾರ್ಟ್ ವೇವ್ ಆಕಾಶಕ್ಕ ಹಾರಿ, ಲಾಗಾ ಹೊಡದು ಬೀಳ್ತದ. ಅಂಥಾದ್ದರ ಮಾತು ಹೆಂಗ ನಂಬೂದು?”

ಮನೆಗೆ ಬಂದವರೇ ಬ್ಯಾಂಡ್ ಬದಲಿಸುವ ತಿರುಪನ್ನು ಮೀಡಿಯಂಗೆ ತಿರುಗಿಸಿ, ಕೆಂಪು ಅರಗು ಕರಗಿಸಿ ಸುರಿದು, ಬೆರಳಿನ ಉಂಗುರ ಒತ್ತಿದರು. ರಜಿಸ್ಟರ್ ಪಾಕೀಟಿಗೂ ಅಷ್ಟು ಭದ್ರತೆ ಇರಲಿಲ್ಲ!

“ನೆಲ ಹಿಡದು ಬರೂದಷ್ಟ ಸಾಕು. ನಾ ಇರೂತನಕ ಇದು ಒಡಿಯೂದಿಲ್ಲ” ಎಂದು ಘೋಷಿಸಿದರು.

“ನೀವೂ ನಮ್ಮ ಮದುವಿಗೆ ನೆಲ ಹಿಡದ ಬಂದಿದ್ರಿ. ಏನ್ ಭಾಗ್ಯ ಬಂತು?” ಎಂದರು ಸಿಲೋನಿನ ಹಿಂದಿ ಹಾಡಿಗೆ ಆಸೆಪಟ್ಟಿದ್ದ ಅತ್ತೆ.

ಒಮ್ಮೆ ತಿಕೋಟಾದ ನೆಂಟರು ರೇಡಿಯೊ ಕೇಳಲೆಂದೇ ಬಂದು ಸಾಲಾಗಿ ಕುಳಿತರು. ರೇಡಿಯೊ ಗರಗರ ಎಂದಿತೇ ಹೊರತು ಒಂದಕ್ಷರ ಆಡಲಿಲ್ಲ. ಮಾವ ವಿಚಲಿತರಾದರೇ? ಛೇ!

“ಹೊಳಿ ದಾಟಾಕತ್ತಿರಬೇಕು. ಚಾ ಕುಡೀರಿ, ಅಷ್ಟರಾಗ ಬರ್ತದ.”

ನೆಂಟರು ಮೂರು ಸಲ ಚಹಾ ಕುಡಿದು ಎದ್ದು ಹೋದರು. ಹೊಳೆ ದಾಟಿ ಯಾರೂ ಬರಲಿಲ್ಲ!

ದೀಪಾವಳಿ ಮುಗಿದ ವಾರ ಮಗಳ ಕಾಗದ ಬಂತು. ಮಾವ ಗಟ್ಟಿಯಾಗಿ ಓದಿದರು: “ಅಪ್ಪಾ, ನಮ್ಮ ರೇಡಿಯೊಕ್ಕ ಧಾರವಾಡ ಹತ್ತೂದಿಲ್ಲ. ಸಿಲೋನ್ ಹತ್ತತದ. ದಿನಾ ಮುಂಜಾನೆ ಏಳೂವರಿಗೆ ಒಬ್ಬಾಕೀನ ಕೂತು ಕೇಳ್ತೀನಿ.” ಆಮೇಲೆ ಅವರು ಓದಲಿಲ್ಲ, ಮಡಚಿ ಕಿಸೆಗಿಟ್ಟರು.

ಮರುದಿನ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ನಾನು ಹೋದಾಗ ಪಡಸಾಲೆಯ ತುಂಬ ಕೆಂಪು ಅರಗಿನ ಚೂರುಗಳು! ರೇಡಿಯೊದಲ್ಲಿ ಏರುತ್ತ ಇಳಿಯುತ್ತ ಯಾವುದೋ ಹಿಂದಿ ಹಾಡು. ಹಿಂದಿಯ ಒಂದಕ್ಷರವೂ ಬಾರದ ಮಾವ ಅದಕ್ಕೆ ಕಿವಿ ಹಚ್ಚಿ ಕುಳಿತಿದ್ದರು.

ಅತ್ತೆ ಬಿಟ್ಟಾರೆಯೇ? “ಏನ್ರಿ, ಇದು ಯಾವ ದಾರೀಲೆ ಬಂತು?”

ಮಾವ ತಿರುಗಲಿಲ್ಲ. ದನಿ ತಗ್ಗಿಸಿ ಅಂದರು:

“ಸುಮ್ನಿರು. ಆಕಿ ಕೇಳಾಕತ್ತಾಳ.”

ಅತ್ತೆ ಒಲೆ ಆರಿಸಿ ಬಂದು, ಸದ್ದಾಗದಂತೆ ಅವರ ಪಕ್ಕದಲ್ಲಿ ಕುಳಿತರು.